ಪಾದಪದ ಕಾಲಿಗೆ ಸಿಮೆಂಟು



ಈ ಸಲ ಹಳೆಯ ನೆನಪಿನ ಬುತ್ತಿಯನ್ನು ಬಿಚ್ಚಿ ಹಂಚುವ ಮನಸ್ಸಿಲ್ಲ. ಈ ಸಲ ಜಗಳವಾಡಬೇಕೆಂದಿದ್ದೇನೆ. ಯಾರೊಡನೆ ಎಂದು ಕೇಳುವಿರಾದರೆ, ಮೊದಲು ನನ್ನೊಡನೆ, ಅನಂತರ ನಿಮ್ಮೊಡನೆ, ಕೊನೆಗೆ ನಾವೆಲ್ಲರೂ ಸೇರಿ ಪೀಳಿಗೆಯಿಂದ ಪೀಳಿಗೆಗೆ ದಾಟಿಸುತ್ತಿರುವ ಒಂದು ವಾಕ್ಯದೊಡನೆ. ಆ ವಾಕ್ಯ ಇದು: "ಸಸ್ಯಗಳು ಬೇರಿನ ಮೂಲಕ ಮಣ್ಣಿನಿಂದ ಆಹಾರವನ್ನು ಪಡೆಯುತ್ತವೆ." ಇದನ್ನು ಕರಿಹಲಗೆಯ ಮೇಲೆ ನಾನೇ ಬರೆದಿದ್ದೇನೆ. ನೀವು ಉತ್ತರ ಪತ್ರಿಕೆಯಲ್ಲಿ ಬರೆದಾಗ ಕೆಂಪು ಶಾಯಿಯಲ್ಲಿ ಸರಿ ಗುರುತನ್ನೂ ಹಾಕಿದ್ದೇನೆ. ಆ ಪಾಪದ ಫಲವನ್ನು ಈಗ ನನ್ನ ಕಣ್ಣೆದುರಿಗೇ ಕಾಣುತ್ತಿದ್ದೇನೆ.

1986ರ ವನಮಹೋತ್ಸವದ ದಿನ ಶಾಲೆಯ ಮುಂದಿನ ಬೀದಿಯಲ್ಲಿ ನಾವು ಐದು ಹೊಂಗೆ ಸಸಿಗಳನ್ನು ನೆಟ್ಟದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಬೇಸಿಗೆಯಲ್ಲಿ ಸರದಿಯ ಪ್ರಕಾರ ಕೊಡಪಾನದಲ್ಲಿ ನೀರು ಹೊತ್ತವರು ನೀವು. ಆ ಐದೂ ಬದುಕಿದವು, ಮರಗಳಾದವು, ಬೀದಿಗೆ ನೆರಳಾದವು. ಕೆಲವು ವರ್ಷಗಳ ಹಿಂದೆ ಆ ಬೀದಿಗೆ ಹೊಸ ಕಾಲುದಾರಿ ಬಂತು. ಸಿಮೆಂಟು ಸುರಿದು, ಅದರ ಮೇಲೆ ಬಣ್ಣದ ಬಿಲ್ಲೆಗಳನ್ನು ಜೋಡಿಸಿ, ಬುಡದ ತೊಗಟೆಗೆ ತಾಗುವಷ್ಟು ಹತ್ತಿರಕ್ಕೆ ತಂದು ಮುಗಿಸಿದರು. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಮುಂದಿನ ವರ್ಷ ಒಂದು ಮರದ ತುದಿಯ ಕೊಂಬೆಗಳು ಒಣಗಿದವು. ಅದರ ಮರುವರ್ಷ ಇನ್ನೊಂದರ ಎಲೆಗಳು ಸಣ್ಣವಾಗಿ ಹಳದಿಗೆ ತಿರುಗಿದವು. ಈಗ ಎರಡು ಮರಗಳು ಸತ್ತಿವೆ, ಮೂರನೆಯದು ಸಾಯುತ್ತಿದೆ.

ಆ ಕೆಲಸದ ಉಸ್ತುವಾರಿ ನೋಡಿದವನು ನನ್ನ ವಿದ್ಯಾರ್ಥಿಯೇ. ಹೆಸರು ಬೇಡ. ಅವನು ಒಳ್ಳೆಯ ಹುಡುಗ, ಲಂಚಕ್ಕೆ ಕೈಚಾಚಿದವನಲ್ಲ. ನಾನು ಕರೆಸಿ ಕೇಳಿದೆ. "ಮೇಷ್ಟ್ರೇ, ಬೇರು ಕೆಳಗೆ ಮಣ್ಣಿನಲ್ಲೇ ಇದೆಯಲ್ಲ? ಆಹಾರಕ್ಕೇನು ಕೊರತೆ? ಬೇಕಾದರೆ ಒಂದು ತೂತು ಮಾಡಿಸಿ ಗೊಬ್ಬರ ಹಾಕಿಸುತ್ತೇನೆ" ಎಂದ. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಅವನು ಹೇಳಿದ್ದು ನನ್ನದೇ ಪಾಠ.

ಆದಕಾರಣ ಆ ಪಾಠವನ್ನು ಇಂದು ಮತ್ತೊಮ್ಮೆ ಮಾಡುತ್ತೇನೆ. ದಯವಿಟ್ಟು ಕೊನೆಯ ಬೆಂಚಿನವರೂ ಕೇಳಿಸಿಕೊಳ್ಳಿ.

ಮರ ಮಣ್ಣನ್ನು ತಿನ್ನುವುದಿಲ್ಲ. ಇದು ನಿನ್ನೆ ಮೊನ್ನೆ ತಿಳಿದ ಸಂಗತಿಯಲ್ಲ. ಬ್ರಸೆಲ್ಸ್ ಬಳಿಯ ವಾನ್ ಹೆಲ್ಮಾಂಟ್ ಎಂಬ ವೈದ್ಯ ಚೆನ್ನಾಗಿ ಒಣಗಿಸಿದ 200 ಪೌಂಡು ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ, 5 ಪೌಂಡು ತೂಕದ ವಿಲೋ ಗಿಡವನ್ನು ಅದರಲ್ಲಿ ನೆಟ್ಟ. ಐದು ವರ್ಷ ಬರಿಯ ನೀರೆರೆದ. ಕೊನೆಗೆ ಕಿತ್ತು ತೂಗಿದಾಗ ಗಿಡ ಸುಮಾರು 169 ಪೌಂಡು ಇತ್ತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾಗಿದ್ದದ್ದು ಸುಮಾರು 2 ಔನ್ಸು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಗಿಡ ಎಪ್ಪತ್ತನಾಲ್ಕು ಕಿಲೋಗ್ರಾಂಗಳಷ್ಟು ಬೆಳೆಯಿತು, ಮಣ್ಣು ಕಳೆದುಕೊಂಡದ್ದು ಅರವತ್ತು ಗ್ರಾಂ ಕೂಡ ಅಲ್ಲ. ಅವನು ಸತ್ತ ಬಳಿಕ 1648ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪ್ರಯೋಗವಿದೆ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅದು ಅರ್ಧ ತಪ್ಪು. ಆದರೆ ಮರವೆಂಬುದು ರೂಪಾಂತರಗೊಂಡ ಮಣ್ಣು ಎಂಬ ನಂಬಿಕೆಗೆ ಅಂದೇ ತೆರೆಬಿದ್ದಿತ್ತು. ಮುನ್ನೂರೈವತ್ತು ವರ್ಷಗಳು ಕಳೆದರೂ ನಮ್ಮ ಮನಸ್ಸಿನಲ್ಲಿ ಅದು ಇನ್ನೂ ಬಿದ್ದಿಲ್ಲ.

ಹಾಗಾದರೆ ಮರದ ಮೈ ಎಲ್ಲಿಂದ ಬಂತು? ಬಹುಪಾಲು ಗಾಳಿಯಿಂದ. 1779ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯ ಗಿಡದ ಹಸಿರು ಭಾಗಗಳು ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ, ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ತೋರಿಸಿದ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕು ಎಂಬುದನ್ನು ಜಿನೀವಾದ ಸೆನೆಬಿಯೆ ಕಂಡುಕೊಂಡ. ಅದೇ ಊರಿನ ಸೊಸ್ಯೂರ್ 1804ರಲ್ಲಿ ತೂಕದ ಲೆಕ್ಕವನ್ನು ಒಪ್ಪಮಾಡಿ, ಗಿಡದ ತೂಕಕ್ಕೆ ಗಾಳಿಯ ಇಂಗಾಲದ ಜೊತೆಗೆ ನೀರೂ ಸೇರುತ್ತದೆ ಎಂದು ಸ್ಥಾಪಿಸಿದ. ಎಲೆಯ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿಯುತ್ತದೆ. ಆ ಶಕ್ತಿಯಿಂದ ನೀರಿನ ಅಣು ಒಡೆಯುತ್ತದೆ. ಅದರ ಆಮ್ಲಜನಕ ಹೊರಗೆ ಹೋಗುತ್ತದೆ, ಜಲಜನಕದ ಭಾಗವು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯೇ ಮರದ ಆಹಾರ. ಮರ ಅದನ್ನು ಎಲ್ಲಿಂದಲೂ ತರಿಸಿಕೊಳ್ಳುವುದಿಲ್ಲ, ತಾನೇ ಮಾಡಿಕೊಳ್ಳುತ್ತದೆ. ಅಡುಗೆಮನೆ ಇರುವುದು ಎಲೆಯಲ್ಲಿ, ಬೇರಿನಲ್ಲಲ್ಲ.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆಯಿದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಎಲೆ ಹೊರಬಿಡುವ ಆಮ್ಲಜನಕವು ಇಂಗಾಲದ ಡೈಆಕ್ಸೈಡ್ ಒಡೆದು ಬರುತ್ತದೆಂದು ಹೇಳಿಕೊಟ್ಟೆ. ಅದು ನೀರಿನಿಂದ ಬರುತ್ತದೆ ಎಂಬುದಕ್ಕೆ ಅಮೆರಿಕದ ರೂಬೆನ್ ಮತ್ತು ಕಾಮೆನ್ ಭಾರವಾದ ಆಮ್ಲಜನಕವನ್ನು ಬಳಸಿ 1941ರಲ್ಲೇ ಸಾಕ್ಷ್ಯ ಕೊಟ್ಟಿದ್ದರು. ಮೂರು ದಶಕಗಳ ಬಳಿಕವೂ ನನಗೆ ಅದು ತಿಳಿದಿರಲಿಲ್ಲ. ಆ ಬ್ಯಾಚಿನವರು ಕ್ಷಮಿಸಬೇಕು.

ಗೊಬ್ಬರದ ಸಾರಗಳು ಏನಾದವು ಎಂದು ಕೇಳುವಿರಿ. ಮಣ್ಣಿನಿಂದ ಬರುವ ಸಾರಜನಕ, ರಂಜಕ, ಪೊಟ್ಯಾಶಿಯಂ, ಕಬ್ಬಿಣ, ಮೆಗ್ನೀಸಿಯಂ ಎಲ್ಲವೂ ಮರಕ್ಕೆ ಬೇಕೇ ಬೇಕು. ಪತ್ರಹರಿತ್ತಿನ ಅಣುವಿನ ನಡುವೆ ಕುಳಿತಿರುವುದೇ ಮೆಗ್ನೀಸಿಯಂ. ಆದರೆ ಅವು ಆಹಾರವಲ್ಲ. ಒಣಗಿದ ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತರಿಂದ ತೊಂಬತ್ತೈದು ಪಾಲು ಇಂಗಾಲ, ಆಮ್ಲಜನಕ ಮತ್ತು ಜಲಜನಕ. ಉಳಿದ ಸ್ವಲ್ಪವೇ ಮಣ್ಣಿನದು. ಸಾರಿಗೆ ಉಪ್ಪು ಬೇಕು, ಹಾಗೆಂದು ಉಪ್ಪನ್ನು ಊಟವೆಂದು ಕರೆದು ತಟ್ಟೆಗೆ ಬರೀ ಉಪ್ಪನ್ನು ಬಡಿಸಿದರೆ ನೀವು ಒಪ್ಪುತ್ತೀರಾ? ಗೊಬ್ಬರದ ಚೀಲದ ಮೇಲೆ "ಸಸ್ಯಾಹಾರ" ಎಂಬರ್ಥದ ಮಾತು ಕಂಡಾಗಲೆಲ್ಲ ನನಗೆ ಆ ತಟ್ಟೆ ನೆನಪಾಗುತ್ತದೆ.

ನಮ್ಮ ಹಿರಿಯರು ಮರವನ್ನು ಪಾದಪ ಎಂದು ಕರೆದರು. ಪಾದದಿಂದ ಕುಡಿಯುವುದು ಎಂದು ಅದರ ಅರ್ಥ. ಕುಡಿಯುವುದು ಎಂದರೇ ಹೊರತು ತಿನ್ನುವುದು ಎನ್ನಲಿಲ್ಲ ಎಂಬುದನ್ನು ಗಮನಿಸಿ. ಬಸವಣ್ಣನವರೂ ಒಂದು ವಚನದಲ್ಲಿ ಬೇರನ್ನು ಮರದ ಬಾಯಿಯೆಂದು ಭಾವಿಸಿ ಅಲ್ಲಿಗೆ ನೀರೆರೆಯುವ ಮಾತನ್ನೇ ಆಡುತ್ತಾರೆ. ಪ್ರಯೋಗಶಾಲೆ ಇಲ್ಲದ ಕಾಲದಲ್ಲಿ ಕಣ್ಣಿನಿಂದ ನೋಡಿ ಆಡಿದ ಆ ಮಾತುಗಳು ನಮ್ಮ ಪರೀಕ್ಷೆಯ ಉತ್ತರಕ್ಕಿಂತ ನಿಖರವಾಗಿವೆ.

ಇನ್ನು ಕುಡಿದ ನೀರು ಮೇಲೇರುವ ಬಗೆ. ಸುಗಂಧರಾಜದ ಕಡ್ಡಿಯನ್ನು ಕೆಂಪು ಶಾಯಿಯ ಲೋಟದಲ್ಲಿಟ್ಟು, ಮರುದಿನ ಬಿಳಿಯ ಎಸಳುಗಳಲ್ಲಿ ಕೆಂಪು ಗೆರೆಗಳು ಮೂಡಿದ್ದನ್ನು ನೋಡಿ ನೀವು ಹೋ ಎಂದು ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ. ಪ್ರಶ್ನೆಯನ್ನು ಮಾತ್ರ ನಾನು ಅಲ್ಲಿಗೇ ಬಿಟ್ಟೆ. ಬಾವಿಯ ನೀರನ್ನು ಹೀರಿ ಎತ್ತುವ ಪಂಪು ಎಷ್ಟೇ ಬಲಿಷ್ಠವಾಗಿದ್ದರೂ ಸುಮಾರು 10 ಮೀಟರಿಗಿಂತ ಆಳದಿಂದ ಎತ್ತಲಾರದು, ಏಕೆಂದರೆ ವಾಯುಮಂಡಲದ ಒತ್ತಡಕ್ಕಿರುವ ಶಕ್ತಿ ಅಷ್ಟೇ. ನಮ್ಮ ತೋಟದ ತೆಂಗು ಅದರ ಎರಡರಷ್ಟು ಎತ್ತರ ಬೆಳೆಯುತ್ತದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರವೊಂದು 115 ಮೀಟರಿಗೂ ಎತ್ತರವಿದೆ. ಅಲ್ಲಿಗೆ ನೀರನ್ನು ಎತ್ತುವವರು ಯಾರು?

ಯಾರೂ ಕೆಳಗಿನಿಂದ ನೂಕುವುದಿಲ್ಲ. ಮೇಲಿನಿಂದ ಸೆಳೆಯಲಾಗುತ್ತದೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೋದಂತೆ, ಅದರ ಹಿಂದಿನ ನೀರು ಆ ಜಾಗಕ್ಕೆ ಸರಿಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ, ಎಲೆಯಿಂದ ಬೇರಿನ ತುದಿಯವರೆಗೆ ಕ್ಸೈಲಂ ಎಂಬ ಸೂಕ್ಷ್ಮ ಕೊಳವೆಗಳೊಳಗೆ ನೀರು ತುಂಡಾಗದ ಹಗ್ಗದಂತೆ ಮೇಲಕ್ಕೆ ಎಳೆಯಲ್ಪಡುತ್ತದೆ. ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಇದನ್ನು ಮಂಡಿಸಿದರು. ನಮ್ಮ ಜಗದೀಶಚಂದ್ರ ಬೋಸರು 1923ರ ತಮ್ಮ ಗ್ರಂಥದಲ್ಲಿ, ಜೀವಂತ ಕೋಶಗಳ ಮಿಡಿತವೇ ರಸವನ್ನು ಮೇಲೇರಿಸುತ್ತದೆ ಎಂದು ವಾದಿಸಿದರು. ಬೋಸರ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಗೌರವ ಬೇರೆ, ಸಾಕ್ಷ್ಯ ಬೇರೆ. ಜರ್ಮನಿಯ ಸ್ಟ್ರಾಸ್‌ಬುರ್ಗರ್ ಅದಕ್ಕೂ ಮೊದಲೇ, ಕಾಂಡದ ಜೀವಕೋಶಗಳನ್ನು ವಿಷದ್ರಾವಣದಿಂದ ಕೊಂದ ಮರಗಳಲ್ಲಿಯೂ ನೀರು ಮೇಲೇರುವುದನ್ನು ತೋರಿಸಿದ್ದ. ನೀರೆತ್ತುವ ಕೊಳವೆಗಳೇ ಸತ್ತ ಕೋಶಗಳ ಗೋಡೆಗಳು. ಎತ್ತುವ ಶಕ್ತಿ ಬಿಸಿಲಿನದು.

ಈ ಜಾಗದಲ್ಲಿಯೇ ನನ್ನ ವಾದದ ತಿರುಳಿದೆ. ನೀರು ಹೊರಹೋಗುವ ಪತ್ರರಂಧ್ರವೂ ಇಂಗಾಲದ ಡೈಆಕ್ಸೈಡ್ ಒಳಬರುವ ಬಾಗಿಲೂ ಒಂದೇ. ಒಂದು ಅಣು ಇಂಗಾಲದ ಡೈಆಕ್ಸೈಡ್ ಒಳಗೆ ಬರುವಷ್ಟರಲ್ಲಿ ನೂರಾರು ನೀರಿನ ಅಣುಗಳು ಹೊರಗೆ ಹೋಗಿರುತ್ತವೆ. ಬೇರಿಗೆ ನೀರು ಸಾಲದಾದಾಗ ಮರ ಒಣಗುವುದನ್ನು ತಪ್ಪಿಸಿಕೊಳ್ಳಲು ಬಾಗಿಲನ್ನು ಮುಚ್ಚುತ್ತದೆ. ಬಾಗಿಲು ಮುಚ್ಚಿದ ಕ್ಷಣವೇ ಅಡುಗೆಯೂ ನಿಲ್ಲುತ್ತದೆ. ಬೇರನ್ನು ಬಾಯಾರಿಸಿದವನು ಮರವನ್ನು ಉಪವಾಸವೂ ಕೆಡವುತ್ತಾನೆ. ನನ್ನ ವಿದ್ಯಾರ್ಥಿ ಹೇಳಿದ ಗೊಬ್ಬರದ ತೂತು ಇದಕ್ಕೆ ಪರಿಹಾರವಲ್ಲ. ನೀರಿಲ್ಲದ ಮಣ್ಣಿಗೆ ಉಪ್ಪಿನಂಥ ಗೊಬ್ಬರವನ್ನು ಸುರಿದರೆ ಅಭಿಸರಣೆಯ ನಿಯಮದಂತೆ ಬೇರಿಗೆ ನೀರು ಸಿಗುವುದು ಇನ್ನಷ್ಟು ಕಷ್ಟವಾಗುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ.

ಸಿಮೆಂಟು ಇನ್ನೂ ಒಂದು ಕೆಲಸ ಮಾಡುತ್ತದೆ. ಬೇರಿಗೂ ಉಸಿರಾಟವಿದೆ. ಖನಿಜಗಳನ್ನು ತನ್ನೊಳಗೆ ಸೆಳೆದುಕೊಳ್ಳಲು ಬೇರು ಶಕ್ತಿಯನ್ನು ವ್ಯಯಿಸಬೇಕು. ಆ ಶಕ್ತಿಗೆ ಸಕ್ಕರೆ ಬೇಕು, ಸಕ್ಕರೆಯನ್ನು ಉರಿಸಲು ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಆಡುತ್ತಿದ್ದರೆ ಮಾತ್ರ ಅದು ಸಿಗುತ್ತದೆ. ಬೇರು ಪಾತಾಳದಲ್ಲಿದೆ, ಅದಕ್ಕೇನೂ ಆಗದು ಎಂಬುದು ನಮ್ಮ ಭ್ರಮೆ. ನೀರನ್ನೂ ಖನಿಜಗಳನ್ನೂ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ. ನಾವು ಧಮ್ಮಸು ಹಾಕಿ, ರೋಲರ್ ಉರುಳಿಸಿ, ಮೇಲೆ ಸಿಮೆಂಟು ಹೊಯ್ಯುವುದೂ ಅದೇ ಮಣ್ಣಿನ ಮೇಲೆ. ಹೊಂಗೆಯ ವಿಷಯದಲ್ಲಂತೂ ಇದು ಇಮ್ಮಡಿ ಮೂರ್ಖತನ. ಅದು ಅವರೆ, ಹುರುಳಿಗಳ ಕುಟುಂಬದ ಮರ. ಅದರ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನೇ ಗೊಬ್ಬರವಾಗಿಸುತ್ತವೆ. ನಮ್ಮ ರೈತರು ಹೊಂಗೆಯ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದದ್ದು ಸುಮ್ಮನೆಯೇ? ಅಂಥ ಮರದ ಬುಡಕ್ಕೆ ಗಾಳಿಯನ್ನು ನಿಲ್ಲಿಸಿ, ಆಮೇಲೆ ಯೂರಿಯ ಕೊಡುತ್ತೇವೆ ಎನ್ನುವುದು, ಮೂಗು ಮುಚ್ಚಿದವನಿಗೆ ಮೃಷ್ಟಾನ್ನ ಬಡಿಸಿದಂತೆ.

ಮರದಲ್ಲಿ ಇನ್ನೊಂದು ದಾರಿಯಿದೆ. ಅದನ್ನು ನಾವು ಇನ್ನೂ ಕಡಿಮೆ ಬಲ್ಲೆವು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೂ ಕಾಯಿಗೂ ಚಿಗುರಿಗೂ ಹೋಗುವುದು ಫ್ಲೋಯಂ ಎಂಬ ಅಂಗಾಂಶದ ಮೂಲಕ. ಕ್ಸೈಲಂ ಕಟ್ಟಿಗೆಯ ಒಳಗಿದೆ, ಫ್ಲೋಯಂ ತೊಗಟೆಯ ಒಳಪದರದಲ್ಲಿದೆ. ಎಲೆಯ ಕಡೆ ಸಕ್ಕರೆ ತುಂಬಿದಾಗ ನೀರು ಅಲ್ಲಿಗೆ ನುಗ್ಗಿ ಒತ್ತಡ ಹೆಚ್ಚುತ್ತದೆ. ಸಕ್ಕರೆ ಖರ್ಚಾಗುವ ಕಡೆ ಒತ್ತಡ ಕಡಿಮೆ. ಆ ವ್ಯತ್ಯಾಸದಿಂದ ಪಾಕ ಹರಿಯುತ್ತದೆ. 1930ರಲ್ಲಿ ಜರ್ಮನಿಯ ಮ್ಯೂಂಚ್ ಇದನ್ನು ವಿವರಿಸಿದ. ಈ ಪಾಕದ ರುಚಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ತೆಂಗಿನ ಹೊಂಬಾಳೆಯನ್ನು ಕೊಯ್ದಾಗ ಸೋರುವ ನೀರಾ ಇದೇ ಫ್ಲೋಯಂ ರಸ.

ತೊಗಟೆಯನ್ನು ಕಾಂಡದ ಸುತ್ತ ಬಳೆಯಂತೆ ಕಿತ್ತರೆ ಏನಾಗುತ್ತದೆ? ಹದಿನೇಳನೆಯ ಶತಮಾನದಲ್ಲಿಯೇ ಇಟಲಿಯ ಮಾಲ್ಪಿಘಿ ಇದನ್ನು ಮಾಡಿ ನೋಡಿದ. ಬಳೆಯ ಮೇಲ್ಭಾಗ ಊದಿಕೊಂಡಿತು, ಏಕೆಂದರೆ ಎಲೆಯಿಂದ ಇಳಿಯುವ ಸಾರ ಅಲ್ಲಿ ತಡೆಯಿತು. ದಾಸವಾಳಕ್ಕೋ ದಾಳಿಂಬೆಗೋ ಗೂಟಿ ಕಟ್ಟಿ ಹೊಸ ಗಿಡ ಮಾಡುವ ನಮ್ಮ ತೋಟಗಾರರು ಮಾಡುವುದೂ ಇದನ್ನೇ. ತೊಗಟೆಯ ಉಂಗುರವನ್ನು ತೆಗೆದು ಪಾಚಿ ಕಟ್ಟಿದರೆ, ತಡೆದು ನಿಂತ ಆಹಾರದ ಬಲದಿಂದ ಅಲ್ಲಿಯೇ ಬೇರು ಒಡೆಯುತ್ತದೆ. ಕೊಂಬೆಗೆ ಮಾಡಿದರೆ ಅದು ವಿದ್ಯೆ. ಬುಡಕ್ಕೆ ಮಾಡಿದರೆ ಅದು ಕೊಲೆ.

ಈ ಕೊಲೆ ಬಹಳ ಮೋಸದ್ದು. ಕ್ಸೈಲಂ ಹಾಗೇ ಇರುವುದರಿಂದ ನೀರು ಮೇಲೇರುತ್ತಲೇ ಇರುತ್ತದೆ, ಎಲೆಗಳು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತವೆ. ಕೆಳಗೆ ಬೇರುಗಳು ತಮ್ಮ ದಾಸ್ತಾನನ್ನು ತಿಂದು ಮುಗಿಸಿ ಹಸಿವಿನಿಂದ ಸಾಯುತ್ತವೆ. ಬೇರು ಸತ್ತ ಬಳಿಕ ಮೇಲಿನ ಹಸಿರು ಒಣಗುತ್ತದೆ. ಅಷ್ಟರಲ್ಲಿ ಕಿತ್ತವನನ್ನು ಎಲ್ಲರೂ ಮರೆತಿರುತ್ತಾರೆ. "ಮರಕ್ಕೆ ವಯಸ್ಸಾಗಿತ್ತು" ಎಂದು ಒಂದು ವರದಿ ಬರೆದರಾಯಿತು. ಅಂಗಡಿಯ ಹಲಗೆ ಕಾಣುವುದಿಲ್ಲವೆಂದು ರಾತ್ರೋರಾತ್ರಿ ತೊಗಟೆ ಸುಲಿಯುವವರಿಗೆ ಫ್ಲೋಯಂ ಎಂಬ ಹೆಸರು ತಿಳಿಯದಿದ್ದರೂ ಅದರ ವಿಳಾಸ ಚೆನ್ನಾಗಿ ತಿಳಿದಿದೆ. ತಿಳಿಯದವರು ನಾವು, ಶಾಲೆ ಓದಿದವರು. ಕೇಬಲ್ಲಿನ ತಂತಿಯನ್ನು, ದೀಪದ ಸರವನ್ನು, ಪತಾಕೆಯ ಹಗ್ಗವನ್ನು ಕಾಂಡಕ್ಕೆ ಬಿಗಿದು ಮರೆಯುತ್ತೇವೆ. ಮರ ದಪ್ಪವಾಗುತ್ತದೆ, ತಂತಿ ದಪ್ಪವಾಗುವುದಿಲ್ಲ. ನಾಲ್ಕೈದು ವರ್ಷಗಳಲ್ಲಿ ಅದು ತೊಗಟೆಯನ್ನು ಕೊಯ್ದು ಒಳಗಿಳಿಯುತ್ತದೆ. ತಂತಿಯ ಮೇಲ್ಗಡೆ ಕಾಣುವ ಊತವೇ ಮಾಲ್ಪಿಘಿ ಕಂಡ ಊತ.

"ತೆಂಗಿಗೆ ಮೆಟ್ಟಿಲು ಕಡಿದರೂ ಬದುಕುತ್ತದಲ್ಲ ಮೇಷ್ಟ್ರೇ?" ಎಂದು ತರಗತಿಯಲ್ಲಿ ಒಬ್ಬ ಕೇಳಿದ್ದ. ಆಗ ನನಗೆ ಉತ್ತರ ಹೊಳೆಯಲಿಲ್ಲ, ಗದರಿಸಿ ಕೂರಿಸಿದೆ. ಅವನು ಇದನ್ನು ಓದುತ್ತಿದ್ದರೆ ಉತ್ತರ ಇಲ್ಲಿದೆ, ತಡವಾದದ್ದಕ್ಕೆ ಬೇಸರಿಸಬೇಡಪ್ಪ. ತೆಂಗು, ಅಡಿಕೆಗಳು ಹುಲ್ಲಿನಂತೆ ಏಕದಳ ಸಸ್ಯಗಳು. ಅವುಗಳಲ್ಲಿ ಕ್ಸೈಲಂ ಮತ್ತು ಫ್ಲೋಯಂಗಳ ಕಟ್ಟುಗಳು ಕಾಂಡದ ತುಂಬ ಚದುರಿಕೊಂಡಿವೆ. ಹೊರಗೆ ಸ್ವಲ್ಪ ಕಡಿದರೆ ಒಳಗಿನವು ಕೆಲಸ ಮಾಡುತ್ತವೆ. ಹೊಂಗೆ, ಬೇವು, ಮಾವುಗಳಲ್ಲಿ ಆಹಾರದ ದಾರಿಯೆಲ್ಲ ತೊಗಟೆಯ ಒಳಗಿನ ಆ ತೆಳು ಪದರವೊಂದೇ. ತೆಂಗನ್ನು ನೋಡಿ ಹೊಂಗೆಯನ್ನು ಅಳೆಯಬಾರದು.

ಮರವನ್ನು ಬೋಳಿಸುವ ವಿಷಯವೂ ಇದೇ ಬಗೆಯದು. ಚಳಿಗಾಲ ಕಳೆಯುತ್ತಿದ್ದಂತೆ ಹೊಂಗೆ ಎಲೆಯುದುರಿಸಿ ತಳತಳಿಸುವ ಚಿಗುರನ್ನು ತಳೆಯುತ್ತದೆ. ಆ ಚಿಗುರಿನ ಬಂಡವಾಳವೆಲ್ಲ ಹಿಂದಿನ ವರ್ಷ ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಪಿಷ್ಟ. ಚಿಗುರು ಬಲಿತು ಸಾಲ ತೀರಿಸುವ ಮೊದಲೇ ತಂತಿಗೆ ತಾಗುತ್ತದೆಂದು ಇಡೀ ತಲೆಯನ್ನು ಕಡಿದರೆ, ಮರ ಮತ್ತೊಮ್ಮೆ ದಾಸ್ತಾನನ್ನು ಒಡೆಯಬೇಕು. ಎರಡು ಮೂರು ವರ್ಷ ಹೀಗೆ ಮಾಡಿದರೆ ಕಣಜವೇ ಬರಿದಾಗುತ್ತದೆ. ತಾಗುವ ಕೊಂಬೆಯನ್ನು ತೆಗೆಯಲಿ, ಯಾರೂ ಬೇಡವೆನ್ನುವುದಿಲ್ಲ. ತಲೆ ಬೋಳಿಸುವುದು ಕೊಂಬೆ ತೆಗೆಯುವುದಲ್ಲ.

ಇಷ್ಟರಲ್ಲಿ ನಮ್ಮ ಬಂಧುವರ್ಗದ ಕೆಲವರು ಕೈ ಎತ್ತಿರುತ್ತಾರೆ: ನಾವೂ ಮರಗಳನ್ನು ಪ್ರೀತಿಸುತ್ತೇವೆ, ಅರಳಿ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಂಬ ಸಂದೇಶವನ್ನು ನೂರು ಜನರಿಗೆ ಕಳುಹಿಸಿದ್ದೇವೆ ಎಂದು. 2021ರ ಕೊರೊನಾ ಅಲೆಯ ಭಯದ ದಿನಗಳಲ್ಲಿ ನನಗೂ ಅದು ಬಂದಿತ್ತು. ಅದು ಸುಳ್ಳು. ಬೆಳಕಿಲ್ಲದೆ ನೀರಿನ ಅಣು ಒಡೆಯುವುದಿಲ್ಲ, ಒಡೆಯದೆ ಆಮ್ಲಜನಕ ಬರುವುದಿಲ್ಲ. ಕತ್ತಾಳೆ, ಪಾಪಾಸುಕಳ್ಳಿಗಳಂಥ ಕೆಲವು ಸಸ್ಯಗಳು ನೀರು ಉಳಿಸಲು ಪತ್ರರಂಧ್ರಗಳನ್ನು ರಾತ್ರಿ ತೆರೆಯುತ್ತವೆ, ನಿಜ. ಆದರೆ ಆಗ ಅವು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಂಡು ಕೂಡಿಡುತ್ತವೆಯೇ ಹೊರತು ಆಮ್ಲಜನಕವನ್ನು ತಯಾರಿಸುವುದಿಲ್ಲ. ಅರಳಿಗೆ ಕೈಮುಗಿಯಲು ಈ ಸುಳ್ಳಿನ ಊರುಗೋಲು ಬೇಕಾಗಿಲ್ಲ. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ ಇಪ್ಪತ್ತೊಂದು ಪಾಲು ಆಮ್ಲಜನಕ ಹೇಗೂ ಇದೆ. ಬೀದಿಯ ಒಂದು ಮರ ಅದನ್ನು ಹೆಚ್ಚಿಸಿದ್ದೂ ನಮಗೆ ತಿಳಿಯದು, ಅದು ಸತ್ತಾಗ ಕಡಿಮೆಯಾದದ್ದೂ ತಿಳಿಯದು.

ಮರ ಆ ಬೀದಿಗೆ ನಿಜವಾಗಿ ಕೊಡುವುದೇನೆಂದು ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಬೇರಿನಿಂದ ಬಂದ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎಲೆಯಿಂದ ಆವಿಯಾಗಿ ಹೋಗುತ್ತದೆ. ದೊಡ್ಡ ಮರವೊಂದು ದಿನಕ್ಕೆ 100 ಲೀಟರ್ ನೀರನ್ನು ಆವಿಯಾಗಿಸಿತು ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ನೂರು ಲೀಟರಿಗೆ 240 ಮೆಗಾಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ ಅದು ಸುಮಾರು 67 ಯೂನಿಟ್. ಒಂದೂವರೆ ಟನ್ನಿನ ಏರ್‌ಕಂಡೀಷನರ್ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಹೊರಹಾಕುವಷ್ಟು ಶಾಖ ಅದು. ನೆರಳಿನ ಲೆಕ್ಕ ಬೇರೆಯೇ. ಬುಡಕ್ಕೆ ಸಿಮೆಂಟು ಹೊಯ್ದು ಮರದ ಬಾಗಿಲನ್ನು ಮುಚ್ಚಿಸಿದಾಗ ನಾವು ಆರಿಸಿದ್ದು ಈ ತಂಪಿನ ಯಂತ್ರವನ್ನು. ಅದೂ ಬಿಲ್ಲಿಲ್ಲದೆ ಓಡುತ್ತಿದ್ದ ಯಂತ್ರವನ್ನು.

ಎದುರುವಾದಗಳನ್ನು ನಾನು ಕೇಳಿಲ್ಲವೆಂದು ಭಾವಿಸಬೇಡಿ. ಬರಿಯ ಮಣ್ಣು ಬಿಟ್ಟರೆ ಕೆಸರಾಗುತ್ತದೆ, ವಯಸ್ಸಾದವರು ಎಡವುತ್ತಾರೆ, ಕಸ ಗುಡಿಸಲು ಕಷ್ಟ, ಬೇರು ಕಾಂಪೌಂಡನ್ನು ಎತ್ತುತ್ತದೆ ಎನ್ನುತ್ತಾರೆ. ಎಡವುವ ವಯಸ್ಸಿನವನು ನಾನೇ, ಆದ್ದರಿಂದ ಆ ವಾದವನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಯಾರೂ ಇಡೀ ಕಾಲುದಾರಿಯನ್ನು ಕೆಸರಿಗೆ ಬಿಡಿ ಎನ್ನುತ್ತಿಲ್ಲ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಕೊಟ್ಟ ಆದೇಶ ಬುಡದ ಸುತ್ತ ಒಂದು ಮೀಟರಿನಷ್ಟು ಜಾಗದ ಕಾಂಕ್ರೀಟನ್ನು ತೆಗೆಯಬೇಕೆಂದಿತು. ಒಂದು ಮೀಟರ್, ಅಷ್ಟೇ. ದೊಡ್ಡ ಮರಕ್ಕೆ ಅದೂ ಸಾಲದು, ಆದರೆ ಆರಂಭಕ್ಕೆ ಸಾಕು. ಅದರಾಚೆ ಬಿಲ್ಲೆಗಳ ಕೆಳಗೆ ಸಿಮೆಂಟಿನ ಬದಲು ಮರಳು ಹಾಸಿ, ನಡುವೆ ಸಂದು ಬಿಟ್ಟರೆ ಮಳೆನೀರೂ ಗಾಳಿಯೂ ಇಳಿಯುತ್ತವೆ. ಬೇರು ಬಿಲ್ಲೆಯನ್ನು ಎತ್ತುವುದಾದರೂ ಏಕೆ? ಕೆಳಗಿನ ಗಟ್ಟಿನೆಲದಲ್ಲಿ ಗಾಳಿ, ನೀರು ಸಿಗದೆ ಅದು ಹಾಸಿನ ಅಡಿಯ ತೇವವನ್ನು ಹುಡುಕಿ ಅಲ್ಲಿಯೇ ಹರಡುತ್ತದೆ. ನಾವು ಮಾಡಿದ ತಪ್ಪಿಗೆ ಬೇರನ್ನು ಕಡಿದು ದಂಡ ಹಾಕುತ್ತೇವೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದಲೂ ಇದೆ. ಕೊಡಲಿ ಹಿಡಿದು ಬಂದವನನ್ನು ಅದರ ಹೆಸರು ಹೇಳಿ ತಡೆಯಬಹುದು. ಸಿಮೆಂಟಿನ ಬಾಂಡ್ಲಿ ಹಿಡಿದು ಬಂದವನನ್ನು ತಡೆಯಲು ಮಾತ್ರ ಬೀದಿಯಲ್ಲಿ ಒಬ್ಬರಿಗೂ ತೋಚಲಿಲ್ಲ, ಏಕೆಂದರೆ ಅವನ ಕೈಯಲ್ಲಿರುವುದೂ ಆಯುಧವೆಂದು ನಮಗೆ ಅನ್ನಿಸಲೇ ಇಲ್ಲ. ನನ್ನ ಮನೆಯ ಗೇಟು ಆ ಮರಗಳಿಂದ ಇಪ್ಪತ್ತು ಹೆಜ್ಜೆ. ಹಾಸು ಹಾಕಿದ ದಿನ ನಾನೂ ಜಗುಲಿಯಲ್ಲಿ ಕುಳಿತು ನೋಡಿದೆ. ಚೆನ್ನಾಗಿದೆ ಎಂದೂ ಹೇಳಿದೆ. ನನ್ನ ವಿದ್ಯಾರ್ಥಿಯೊಬ್ಬನ ಮೇಲೆ ಎಲ್ಲವನ್ನೂ ಹೊರಿಸಿ ಕೈತೊಳೆದುಕೊಳ್ಳಲು ಈ ಕಾರಣದಿಂದಲೇ ನನಗೆ ಮನಸ್ಸು ಬರುವುದಿಲ್ಲ.

ಹುಳಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರು ಬೆಳೆಸಿದ ಆಲದ ಸಾಲನ್ನು ನೀವು ನೋಡಿರಬಹುದು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಸಸಿಗಳಿಗೆ ಹೊತ್ತದ್ದು ನೀರನ್ನು. ದನಕರು ತೊಗಟೆ ಎಲೆಗಳನ್ನು ಕಚ್ಚದಂತೆ ಕಟ್ಟಿದ್ದು ಮುಳ್ಳಿನ ಬೇಲಿಯನ್ನು. ಪಾದಕ್ಕೆ ನೀರು, ತೊಗಟೆಗೆ ರಕ್ಷಣೆ, ಎಲೆಗೆ ಬಿಸಿಲು. ಶಾಸ್ತ್ರ ಹೇಳುವುದೂ ಇಷ್ಟನ್ನೇ. ಪದವಿ ಪಡೆದ ನಾವು ಪಾದಕ್ಕೆ ಸಿಮೆಂಟು, ತೊಗಟೆಗೆ ಮೊಳೆ, ಎಲೆಗೆ ಕತ್ತಿ ಕೊಟ್ಟು, ಕೊನೆಗೆ ಒಂದು ಹಿಡಿ ಗೊಬ್ಬರ ಹಾಕಿ ಪರಿಸರ ದಿನವನ್ನು ಆಚರಿಸುತ್ತೇವೆ.

ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಗುತ್ತಿಗೆದಾರರಿದ್ದೀರಿ, ನಗರಸಭೆಯ ಸದಸ್ಯರಾದವರೂ ಇದ್ದೀರಿ, ಬೆಂಗಳೂರಿನಲ್ಲೂ ಹೊರದೇಶಗಳಲ್ಲೂ ಮನೆ ಕಟ್ಟಿಸಿದವರಿದ್ದೀರಿ. ಗುರುದಕ್ಷಿಣೆ ಎಂದು ನಾನು ಎಂದೂ ಏನನ್ನೂ ಕೇಳಿದವನಲ್ಲ. ಇಂದು ಕೇಳುತ್ತೇನೆ. ನಿಮ್ಮ ಮನೆಯ ಮುಂದಿನ ಮರದ ಬುಡವನ್ನು ನಾಳೆ ಬೆಳಗ್ಗೆ ಹೋಗಿ ನೋಡಿ. ಸಿಮೆಂಟಿದ್ದರೆ ಕಾಂಡದ ಸುತ್ತ ಒಂದು ಮೀಟರ್ ಒಡೆಸಿ. ಒಡೆಸುವಾಗ ಬೇರಿಗೆ ಪೆಟ್ಟು ಬೀಳದಂತೆ ಕೈಯಿಂದಲೇ ತೆಗೆಸಿ. ತಂತಿಯಿದ್ದರೆ ಬಿಚ್ಚಿ, ಮೊಳೆಗಳನ್ನು ಕೀಳಿಸಿ. ಉದುರಿದ ಎಲೆಯನ್ನು ಸುಡದೆ ಬುಡಕ್ಕೆ ಹರಡಿ; ಅದು ಆ ಮಣ್ಣಿನಿಂದ ಪಡೆದ ಖನಿಜ, ಅದಕ್ಕೇ ಮರಳಲಿ. ಮಕ್ಕಳಿದ್ದರೆ ಕರೆದು ಹೇಳಿ: ಮರ ಮಣ್ಣಿನಿಂದ ಕುಡಿಯುತ್ತದೆ, ಗಾಳಿ ಬೆಳಕುಗಳಿಂದ ಅಡುಗೆ ಮಾಡುತ್ತದೆ, ತೊಗಟೆಯ ಕೆಳಗಿನ ದಾರಿಯಲ್ಲಿ ಮನೆಯವರಿಗೆಲ್ಲ ಬಡಿಸುತ್ತದೆ ಎಂದು. ಅವರ ಪುಸ್ತಕದಲ್ಲಿ ಬೇರೆ ಬರೆದಿದ್ದರೆ, ಅವರ ಮೇಷ್ಟ್ರಿಗೆ ವಿನಯದಿಂದ ತಿಳಿಸಿ. ನಾನಾಗಿದ್ದರೆ ಅಂದು ಬಹುಶಃ ಗದರಿಸುತ್ತಿದ್ದೆ. ಆದರೂ ತಿಳಿಸಿ.

ನಮ್ಮ ಬೀದಿಯ ವಿಷಯ ಹೇಳಿ ಮುಗಿಸುತ್ತೇನೆ. ನನ್ನ ವಿದ್ಯಾರ್ಥಿಯನ್ನು ಮತ್ತೊಮ್ಮೆ ಕರೆಸಿ, ಜಗುಲಿಯ ಮೇಲೆ ಕೂರಿಸಿ, ಮೇಲಿನದ್ದನ್ನೆಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಅನಂತರ "ಆಗಲೇ ಹೀಗೆ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಮೇಷ್ಟ್ರೇ" ಎಂದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕಳೆದ ಭಾನುವಾರ ಅವನೇ ಇಬ್ಬರು ಆಳುಗಳನ್ನು ಕರೆತಂದು ಉಳಿದ ಮೂರು ಮರಗಳ ಬುಡದ ಬಿಲ್ಲೆಗಳನ್ನು ಬಿಡಿಸಿದ. ಮೂರನೆಯ ಮರ ಬದುಕುತ್ತದೋ ಇಲ್ಲವೋ ಬರುವ ಚಿಗುರಿನ ಕಾಲಕ್ಕೆ ತಿಳಿಯುತ್ತದೆ. ಈಗ ದಿನವೂ ಸಂಜೆ ಎರಡು ಕೊಡ ನೀರು ಹಾಕುತ್ತಿದ್ದೇನೆ. ಊರಿಗೆ ಬಂದವರು ಒಂದು ಕೊಡ ಹಿಡಿದು ಬನ್ನಿ. 1986ರ ಸರದಿ ಇನ್ನೂ ಮುಗಿದಿಲ್ಲ.